76 ಡಿಗ್ರಿಗೆ ಏರಿದ ಜರ್ನಲ್ ಬೇರಿಂಗ್: ಲ್ಯಾಪ್‌ಟಾಪ್ ಲೆಕ್ಕದಿಂದ ಸ್ಕ್ರೇಪರ್ ತನಕ

ಸಕಲೇಶಪುರದ ಕಡೆಯ ಒಂದು ಮಿನಿ ಹೈಡೆಲ್ ಪ್ಲಾಂಟಿನಿಂದ ಜೂನ್ ಕೊನೆಯಲ್ಲಿ ಫೋನ್ ಬಂತು. ಅಡ್ಡ ಶಾಫ್ಟಿನ ಫ್ರಾನ್ಸಿಸ್ ಟರ್ಬೈನ್, 600 ಆರ್‌ಪಿಎಂ. ಬೇಸಿಗೆಯಲ್ಲಿ ನೀರಿಲ್ಲದೆ ನಿಂತಿದ್ದಾಗ ಟರ್ಬೈನ್ ಕಡೆಯ ಜರ್ನಲ್ ಬೇರಿಂಗಿಗೆ, ಅಂದರೆ ಎಣ್ಣೆಯ ತೆಳು ಪದರದ (ಆಯಿಲ್ ಫಿಲ್ಮ್) ಮೇಲೆ ಶಾಫ್ಟ್ ತಿರುಗುವ ಕೊಳವೆಯಂಥ ಆಸರೆಗೆ, ಹೊಸ ವೈಟ್ ಮೆಟಲ್ (ಒಳಮೈಗೆ ಹಾಕುವ ಮೆದು ಲೋಹ) ಹಾಕಿಸಿದ್ದರು. ಈಗ ಮಳೆ ಹಿಡಿದಿದೆ, ಮೆಷಿನ್ ಹಗಲು ರಾತ್ರಿ ಬಿಡದೆ ಓಡುತ್ತಿದೆ, ಬೇರಿಂಗ್ 76 ಡಿಗ್ರಿ ತೋರಿಸುತ್ತಿದೆ. ಹಳೆಯ ಲಾಗ್ ಪುಸ್ತಕದಲ್ಲಿ ಅದೇ ಜಾಗದ ರೀಡಿಂಗ್ 60ರ ಆಸುಪಾಸು. ಅಲಾರಂ 75ಕ್ಕೆ ಹೊಡೆಯುತ್ತೆ, 80ಕ್ಕೆ ಟ್ರಿಪ್, ಅಂದರೆ ಮೆಷಿನ್ ತಾನೇ ನಿಲ್ಲುತ್ತೆ.

ಹೀಗೆ ಬೇರಿಂಗ್ ಬಿಸಿಯಾದಾಗ ಎಲ್ಲರಿಗೂ ಒಂದೊಂದು ಅನುಮಾನ. ಎಣ್ಣೆ ಸರಿಯಿಲ್ಲ, ಅಲೈನ್‌ಮೆಂಟ್ ಹೋಗಿದೆ, ವೈಟ್ ಮೆಟಲ್ ಕಳಪೆ, ಎಣ್ಣೆಯನ್ನು ಮೇಲೆ ತರುವ ಆಯಿಲ್ ರಿಂಗ್ ತಿರುಗುತ್ತಿಲ್ಲ. ಮಳೆಗಾಲದಲ್ಲಿ ಮೆಷಿನ್ ಬಿಚ್ಚಿ ಒಂದೊಂದನ್ನೇ ನೋಡುತ್ತಾ ಕೂರಲು ಆಗಲ್ಲ. ಹಾಗಾಗಿ ಮೊದಲು ಲೆಕ್ಕದಲ್ಲಿ ಮಾಡೆಲ್ ಕಟ್ಟಿ, ಯಾವ ಕಾರಣ 16 ಡಿಗ್ರಿ ಏರಿಸಬಲ್ಲದು, ಯಾವುದಕ್ಕೆ ಆ ಶಕ್ತಿ ಇಲ್ಲ ಅಂತ ತಿಳಿಯೋಣ ಅಂದುಕೊಂಡೆ. ಆ ಮೂರು ವಾರದ ಟಿಪ್ಪಣಿ ಇದು. ನಾನು ಎಡವಿದ ಜಾಗಗಳನ್ನೂ ಬಿಡದೆ ಬರೆದಿದ್ದೇನೆ, ಏಕೆಂದರೆ ದಿನಗಳು ಹೋಗಿದ್ದು ಅಲ್ಲೇ.

ಜೂನ್ 29: ಸೈಟಿನಲ್ಲಿ ಎರಡು ಗಂಟೆ

ಮೆಷಿನ್ ನಿಲ್ಲಿಸಲು ಕೊಟ್ಟ ಸಮಯ ಎರಡೇ ಗಂಟೆ. ಬೇರಿಂಗಿನ ಮೇಲಿನ ಅರ್ಧ ಮಾತ್ರ ತೆಗೆದೆವು. ಕೆಳಗಿನ ಅರ್ಧ ತೆಗೆಯಬೇಕಾದರೆ ಶಾಫ್ಟನ್ನು ಜಾಕ್ ಹಾಕಿ ಎತ್ತಬೇಕು, ಅದಕ್ಕೆ ಸಮಯವಿರಲಿಲ್ಲ.

ಬರೆದುಕೊಂಡ ಅಳತೆಗಳು ಇವು. ಶಾಫ್ಟ್ ವ್ಯಾಸ ಮೈಕ್ರೋಮೀಟರಿನಲ್ಲಿ ಮೂರು ಜಾಗದಲ್ಲಿ 159.97 ಮಿ.ಮೀ. ಬೇರಿಂಗಿನ ಉದ್ದ 160. ಅಂದರೆ ಉದ್ದವೂ ವ್ಯಾಸವೂ ಒಂದೇ. ಈ ಬೇರಿಂಗಿನ ಮೇಲೆ ಕೂರುವ ತೂಕ, ಪ್ಲಾಂಟಿನ ದಾಖಲೆ ಪ್ರಕಾರ, 2.55 ಟನ್. ಅದು ಸುಮಾರು 25 ಕಿಲೋನ್ಯೂಟನ್. ಎಣ್ಣೆ ವಿಜಿ 68 (ಎಣ್ಣೆ ಎಷ್ಟು ಮಂದ ಅಂತ ಹೇಳುವ ದರ್ಜೆ). ಸಂಪ್‌ನಲ್ಲಿ (ಬೇರಿಂಗಿನ ಕೆಳಗಿನ ಎಣ್ಣೆ ತೊಟ್ಟಿ) ಎಣ್ಣೆಯ ಬಿಸಿ 50 ಡಿಗ್ರಿ. ಸಂಪ್ ಸುತ್ತ ತಣ್ಣೀರಿನ ಕಾಯಿಲ್ ಇದೆ, ಅದು ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಆಯಿಲ್ ರಿಂಗ್ ಎರಡು. ನಿಲ್ಲಿಸುವ ಮೊದಲು ಮೇಲಿನ ಕಿಂಡಿಯಲ್ಲಿ ಟಾರ್ಚ್ ಬಿಟ್ಟು ನೋಡಿದ್ದೆ, ಎರಡೂ ಸಲೀಸಾಗಿ ತಿರುಗುತ್ತಿದ್ದವು.

ಕ್ಲಿಯರೆನ್ಸ್, ಅಂದರೆ ಶಾಫ್ಟಿಗೂ ಬೇರಿಂಗಿಗೂ ನಡುವಿನ ಅಂತರ, ನೋಡಲು ಸೀಸದ ತಂತಿ ಇಟ್ಟೆವು. ಶಾಫ್ಟಿನ ತಲೆಯ ಮೇಲೆ ಮೂರು ತುಂಡು, ಎರಡು ಅರ್ಧ ಸೇರುವ ಜಾಯಿಂಟಿನ ಮೇಲೆ ನಾಲ್ಕು. ಮೇಲಿನ ಅರ್ಧ ಕೂರಿಸಿ ಬೋಲ್ಟ್ ಬಿಗಿದು ಮತ್ತೆ ತೆಗೆದು, ಚಪ್ಪಟೆಯಾದ ತಂತಿಯನ್ನು ಅಳೆದರೆ, ಜಾಯಿಂಟಿನ ದಪ್ಪ ಕಳೆದ ಮೇಲೆ 0.14 ಮಿ.ಮೀ. ಉಳಿಯಿತು. ನೋಟ್‌ಬುಕ್ಕಿನಲ್ಲಿ "ಕ್ಲಿಯರೆನ್ಸ್ 0.14" ಅಂತ ಬರೆದೆ. ಅಷ್ಟೇ ಬರೆದೆ. ಯಾವ ಕ್ಲಿಯರೆನ್ಸ್ ಅಂತ ಬರೆಯಲಿಲ್ಲ. ಮುಂದೆ ಆರು ದಿನ ಹಾಳಾಗಿದ್ದು ಆ ಒಂದು ಪದ ಬಿಟ್ಟಿದ್ದಕ್ಕೆ.

ವೈಟ್ ಮೆಟಲ್ ನೋಡಲು ಚೆನ್ನಾಗಿತ್ತು. ಉಜ್ಜಿದ ಗುರುತಿಲ್ಲ, ಬಿರುಕಿಲ್ಲ, ಕರಗಿದ ಲಕ್ಷಣವಿಲ್ಲ. ಮತ್ತೆ ಮುಚ್ಚಿ ಓಡಿಸಿದೆವು.

ಜೂನ್ 30, ಜುಲೈ 1: ಪೈಥಾನ್‌ನಲ್ಲಿ ಮೊದಲ ಮಾಡೆಲ್

ದೊಡ್ಡ ಸಾಫ್ಟ್‌ವೇರ್ ನನ್ನ ಹತ್ತಿರ ಇಲ್ಲ. ಜರ್ನಲ್ ಬೇರಿಂಗಿನ ಮಟ್ಟಿಗೆ ಅದು ಇಲ್ಲದಿದ್ದರೂ ನಡೆಯುತ್ತೆ. ಆಯಿಲ್ ಫಿಲ್ಮಿನ ಒತ್ತಡಕ್ಕೆ ಆಸ್ಬೋರ್ನ್ ರೆನಾಲ್ಡ್ಸ್ 1886ರಲ್ಲಿ ಕೊಟ್ಟ ಸಮೀಕರಣವೇ ಇವತ್ತಿಗೂ ಹೆಚ್ಚಿನ ಬೇರಿಂಗ್ ಸಾಫ್ಟ್‌ವೇರಿನ ಒಳಗೆ ಕೂತಿದೆ. ಪೈಥಾನ್ ಮತ್ತು ಅದರ ಗಣಿತದ ಲೈಬ್ರರಿ ನಮ್‌ಪೈ ಇದ್ದರೆ ಸಾಕು.

ಬೇರಿಂಗಿನ ಒಳಮೈಯನ್ನು ಬಿಡಿಸಿ ಹಾಸಿದ ಹಾಳೆ ಅಂದುಕೊಂಡು, ಸುತ್ತಳತೆಯ ಕಡೆ 72, ಉದ್ದದ ಕಡೆ 24 ಭಾಗ ಮಾಡಿದೆ. ಪ್ರತಿ ಬಿಂದುವಿನಲ್ಲಿ ಫಿಲ್ಮಿನ ದಪ್ಪ ಗೊತ್ತು: ಕ್ಲಿಯರೆನ್ಸ್ ಮತ್ತು ಶಾಫ್ಟ್ ಮಧ್ಯದಿಂದ ಎಷ್ಟು ಸರಿದಿದೆ ಅನ್ನುವುದರಿಂದ ಬರುತ್ತೆ. ಎರಡು ತುದಿಯಲ್ಲಿ ಒತ್ತಡ ಸೊನ್ನೆ. ಸುಮ್ನೆ ಸುತ್ತು ಹೊಡೆಸುತ್ತಾ ಒತ್ತಡ ಬದಲಾಗದೆ ನಿಲ್ಲುವ ತನಕ ಓಡಿಸುವುದು. ಕೋಡ್ 90 ಸಾಲು ದಾಟಲಿಲ್ಲ.

ಮೊದಲ ಓಟದಲ್ಲೇ ಅರ್ಧ ಬೇರಿಂಗಿನಲ್ಲಿ ದೊಡ್ಡ ಒತ್ತಡ, ಇನ್ನರ್ಧದಲ್ಲಿ ಅಷ್ಟೇ ದೊಡ್ಡ ಮೈನಸ್ ಒತ್ತಡ ಬಂತು. ಶಾಫ್ಟ್ ಲೋಡಿಗೆ ಸರಿಯಾಗಿ 90 ಡಿಗ್ರಿ ಪಕ್ಕಕ್ಕೆ ಸರಿಯುತ್ತೆ ಅಂತ ಉತ್ತರ. 1904ರಲ್ಲಿ ಸೊಮ್ಮರ್‌ಫೆಲ್ಡ್ ಕೈಲೆಕ್ಕದಲ್ಲಿ ಬಿಡಿಸಿದಾಗ ಬಂದಿದ್ದೂ ಇದೇ ರೂಪ. ಅಂದರೆ ಕೋಡ್ ಸರಿ, ನಾನು ಹೇಳಬೇಕಾದ ಒಂದು ಮಾತು ಹೇಳಿಲ್ಲ. ಎಣ್ಣೆಯನ್ನು ಒತ್ತಬಹುದು, ಹೀಗೆ ಎಳೆಯಲು ಆಗಲ್ಲ. ಎಳೆದರೆ ಫಿಲ್ಮ್ ಹರಿದು ಗಾಳಿಗುಳ್ಳೆ ಏಳುತ್ತೆ. ಪ್ರತಿ ಸುತ್ತಿನಲ್ಲೂ ಮೈನಸ್ ಬಂದ ಬಿಂದುವನ್ನು ಸೊನ್ನೆ ಮಾಡುವ ಒಂದು ಸಾಲು ಸೇರಿಸಿದೆ. ಇಲ್ಲೊಂದು ಎಚ್ಚರಿಕೆ: ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ಒಂದೇ ಸಲ ಮೈನಸ್ ಅಳಿಸಿದರೆ ಉತ್ತರ ಬೇರೆ ಬರುತ್ತೆ. ಪ್ರತಿ ಸುತ್ತಿನಲ್ಲೂ ಅಳಿಸಿದರೆ ಮಾತ್ರ ಫಿಲ್ಮ್ ಎಲ್ಲಿ ಮುಗಿಯಬೇಕೋ ಅಲ್ಲಿ ತಾನಾಗಿ ಮುಗಿಯುತ್ತೆ.

ಈಗ ತಾಳೆ ನೋಡಬೇಕು. 1958ರಲ್ಲಿ ರೈಮಂಡಿ ಮತ್ತು ಬಾಯ್ಡ್ ಕೊಟ್ಟ ಕೋಷ್ಟಕಗಳು ಮೆಷಿನ್ ಡಿಸೈನ್ ಓದಿದವರಿಗೆಲ್ಲ ಗೊತ್ತು. ಉದ್ದ ಮತ್ತು ವ್ಯಾಸ ಸಮ ಇರುವ ಬೇರಿಂಗಿನಲ್ಲಿ ಶಾಫ್ಟ್ ಕ್ಲಿಯರೆನ್ಸಿನ 0.6 ಪಾಲು ಸರಿದಿದ್ದರೆ ಸೊಮ್ಮರ್‌ಫೆಲ್ಡ್ ನಂಬರ್ (ಎಣ್ಣೆಯ ಮಂದತನ, ವೇಗ, ತೂಕ, ಕ್ಲಿಯರೆನ್ಸ್ ಎಲ್ಲ ಸೇರಿಸಿದ ಒಂದೇ ಅಂಕಿ) 0.121 ಬರಬೇಕು, ಕೋನ 50.58 ಡಿಗ್ರಿ. ನನ್ನ ಕೋನ ಸರಿಯಾಗಿತ್ತು, ನಂಬರ್ ಮಾತ್ರ 0.76 ಬಂತು. ಒಂದು ಸಂಜೆ ಪೂರ್ತಿ ಕೋಡನ್ನು ಹುಡುಕಿದೆ. ಕೊನೆಗೆ 0.76ನ್ನು 0.121ರಿಂದ ಭಾಗಿಸಿದರೆ 6.28. ಅದು ಎರಡು ಪೈ. ಆ ನಂಬರಿಗೆ ವೇಗ ಸೆಕೆಂಡಿಗೆ ಎಷ್ಟು ಸುತ್ತು ಅಂತ ಹಾಕಬೇಕು, ನಾನು ರೇಡಿಯನ್ ಲೆಕ್ಕದಲ್ಲಿ ಹಾಕಿದ್ದೆ. ನಮ್ಮ ಮೆಷಿನ್ನಿಗೆ ಅದು 10 ಸುತ್ತು. ತಿದ್ದಿದ ಮೇಲೆ ಕೋಷ್ಟಕಕ್ಕೆ ಶೇಕಡಾ ಒಂದರ ಒಳಗೆ ಹೊಂದಿತು. ಗ್ರಿಡ್ ಇಮ್ಮಡಿ ಮಾಡಿ 144, 48 ಇಟ್ಟರೂ ಹೆಚ್ಚು ಬದಲಾಗಲಿಲ್ಲ. 72ಕ್ಕೇ ನಿಲ್ಲಿಸಿದೆ.

ಜುಲೈ 2: ಬಿಸಿಯ ಲೆಕ್ಕ

ನನಗೆ ಬೇಕಿದ್ದದ್ದು ಬಿಸಿ. ಅದಕ್ಕೆ ಒಂದು ಸುತ್ತು ಲೆಕ್ಕ ಬೇಕು. ಎಣ್ಣೆಯ ಸರಾಸರಿ ಬಿಸಿ ಇಷ್ಟು ಅಂತ ಊಹಿಸು, ಆ ಬಿಸಿಗೆ ಎಣ್ಣೆ ಎಷ್ಟು ಮಂದ (ಸ್ನಿಗ್ಧತೆ) ನೋಡು, ಮಾಡೆಲ್ ಓಡಿಸು, ಉಜ್ಜಾಟದಿಂದ ಎಷ್ಟು ವಾಟ್ ಹುಟ್ಟಿತು, ಎರಡು ತುದಿಯಿಂದ ಎಷ್ಟು ಎಣ್ಣೆ ಹೊರಗೆ ಹೋಯಿತು ತಿಳಿ, ಆ ಎಣ್ಣೆ ಆ ಬಿಸಿಯನ್ನು ಹೊತ್ತು ಹೋದರೆ ಎಷ್ಟು ಡಿಗ್ರಿ ಏರುತ್ತೆ ಲೆಕ್ಕ ಹಾಕು. ಊಹೆ ಮತ್ತು ಉತ್ತರ ಕೂಡುವ ತನಕ ಮತ್ತೆ ಮತ್ತೆ.

ವಿಜಿ 68 ಎಣ್ಣೆ 40 ಡಿಗ್ರಿಯಲ್ಲಿ 68 ಸೆಂಟಿಸ್ಟೋಕ್ (ಮಂದತನದ ಅಳತೆ). 60 ಡಿಗ್ರಿಗೆ ಹೋದರೆ 29ರ ಹತ್ತಿರ ಇಳಿಯುತ್ತೆ. 20 ಡಿಗ್ರಿಗೆ ಅರ್ಧಕ್ಕಿಂತ ಕಡಿಮೆ! ಬಿಸಿಯ ಲೆಕ್ಕ ಇಲ್ಲದೆ, 40 ಡಿಗ್ರಿಯ ಅಂಕಿಯನ್ನೇ ಹಾಕಿ ಬೇರಿಂಗ್ ಮಾಡೆಲ್ ಮಾಡಿದರೆ ಆ ಉತ್ತರ ಯಾತಕ್ಕೂ ಬರಲ್ಲ. ಇನ್ನೊಂದು: ಸೆಂಟಿಸ್ಟೋಕನ್ನು ಹಾಗೇ ಹಾಕುವಂತಿಲ್ಲ, ಎಣ್ಣೆಯ ಸಾಂದ್ರತೆಯಿಂದ ಗುಣಿಸಿ ಪ್ಯಾಸ್ಕಲ್ ಸೆಕೆಂಡ್ ಮಾಡಬೇಕು. 60 ಡಿಗ್ರಿಗೆ ಅದು 0.0247.

ಕ್ಲಿಯರೆನ್ಸ್ 0.14 ಹಾಕಿ ಓಡಿಸಿದೆ. ಉತ್ತರ: ಸುಮಾರು 650 ವಾಟ್ ಬಿಸಿ, ಎಣ್ಣೆ 7 ಡಿಗ್ರಿ ಏರಿ 57ಕ್ಕೆ ಹೊರಬರುತ್ತೆ, ಫಿಲ್ಮಿನ ಅತಿ ತೆಳುವಾದ ಜಾಗ 52 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ).

ಸೈಟಿನಲ್ಲಿ 76, ಲೆಕ್ಕದಲ್ಲಿ 57.

ನಾನು ಅಲ್ಲಿ ಮಾಡಿದ ತೀರ್ಮಾನ ಬರೆಯಲೇಬೇಕು. "ಕ್ಲಿಯರೆನ್ಸ್ ಸರಿಯಿದೆ, ಮಾಡೆಲ್ ಇನ್ನೂ ತುಂಬಾ ಸರಳ ಇದೆ, ಇನ್ನೂ ವಿವರವಾದ ಮಾಡೆಲ್ ಬೇಕು" ಅಂದುಕೊಂಡೆ. ಉತ್ತರ ಎಲ್ಲೂ ವಿಚಿತ್ರವಾಗಿ ಕಾಣುತ್ತಿರಲಿಲ್ಲ. 52 ಮೈಕ್ರಾನ್ ಆರೋಗ್ಯವಾದ ಫಿಲ್ಮ್, 650 ವಾಟ್ ನಂಬುವಂಥ ಅಂಕಿ. ತಪ್ಪು ಅಂಕಿ ಹಾಕಿದಾಗ ಮಾಡೆಲ್ ಒಡೆದು ಬಿದ್ದಿದ್ದರೆ ಅವತ್ತೇ ಗೊತ್ತಾಗುತ್ತಿತ್ತು.

ಜುಲೈ 3 ರಿಂದ 5: ಓಪನ್‌ಫೋಮ್, ಮೂರು ದಿನ ವ್ಯರ್ಥ

ದ್ರವದ ಜಾಗವನ್ನು ಸಣ್ಣ ತುಂಡುಗಳಾಗಿ (ಸೆಲ್) ಬಿಡಿಸಿ ಹರಿವಿನ ಲೆಕ್ಕ ಹಾಕುವ ಪೂರ್ತಿ ಮೂರು ಆಯಾಮದ ಸಿಎಫ್‌ಡಿ ಮಾಡೋಣ ಅಂತ ಓಪನ್‌ಫೋಮ್ ಅನ್ನುವ ಸಾಫ್ಟ್‌ವೇರ್ ಹಿಡಿದೆ. ಸುತ್ತಳತೆ 503 ಮಿ.ಮೀ., ಉದ್ದ 160, ಅಂತರ ಮಾತ್ರ ಮಿಲಿಮೀಟರಿನ ಹತ್ತನೇ ಒಂದು ಭಾಗ. ಅಂತರದಲ್ಲಿ 10 ಪದರ, ಸುತ್ತ 720, ಉದ್ದಕ್ಕೆ 160 ಇಟ್ಟರೆ 11.5 ಲಕ್ಷ ಸೆಲ್. ಬಿಗಿಯಾದ ಜಾಗದಲ್ಲಿ ಒಂದೊಂದು ಸೆಲ್ಲೂ 5 ಮೈಕ್ರಾನ್ ದಪ್ಪ, 0.7 ಮಿ.ಮೀ. ಉದ್ದ, ಅಂದರೆ ದಪ್ಪದ 140 ಪಟ್ಟು. ಮೆಷ್ (ಈ ಸೆಲ್ಲುಗಳ ಜಾಲ) ಪರೀಕ್ಷೆಯಲ್ಲೇ ಎಚ್ಚರಿಕೆಗಳ ಸಾಲು ಬಂತು.

ಮೊದಲ ದಿನ ಮೆಷ್‌ಗೇ ಹೋಯಿತು. ಎರಡನೇ ದಿನ ಲೆಕ್ಕ ಒಂದು ಉತ್ತರಕ್ಕೆ ಬಂದು ನಿಂತಿತು, ಆದರೆ ಒಂದೇ ದ್ರವದ ಸಾಲ್ವರ್ (ಲೆಕ್ಕ ಬಿಡಿಸುವ ಪ್ರೋಗ್ರಾಂ) ಆದ್ದರಿಂದ ಮತ್ತೆ ಅದೇ ದೊಡ್ಡ ಮೈನಸ್ ಒತ್ತಡ. ಗುಳ್ಳೆ ಏಳುವುದನ್ನು ಲೆಕ್ಕಕ್ಕೆ ತರಲು ಬೇರೆ ಸಾಲ್ವರ್ ಬೇಕು, ಅದರಲ್ಲಿ ಸಮಯದ ಹೆಜ್ಜೆ ಎಷ್ಟು ಸಣ್ಣದಾಗಬೇಕಾಯಿತು ಅಂದರೆ ನನ್ನ ಲ್ಯಾಪ್‌ಟಾಪ್ ರಾತ್ರಿಯೆಲ್ಲ ಓಡಿ ಒಂದು ಸುತ್ತನ್ನೂ ಮುಗಿಸಲಿಲ್ಲ. ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿತ್ತು. ಶಾಫ್ಟ್ ಎಲ್ಲಿ ಕೂರುತ್ತೆ ಅಂತ ಮೊದಲೇ ಗೊತ್ತಿಲ್ಲ. ಒಂದು ಜಾಗ ಊಹಿಸಿ, ಬಲ ನೋಡಿ, ಶಾಫ್ಟ್ ಸರಿಸಿ, ಮತ್ತೆ ಮೆಷ್ ಮಾಡಬೇಕು. ಪೈಥಾನ್ ಕೋಡಿನಲ್ಲಿ ಈ ಹುಡುಕಾಟ ಎರಡು ಸೆಕೆಂಡಿನ ಕೆಲಸ.

ಫಿಲ್ಮ್ ಇಷ್ಟು ತೆಳುವಾಗಿ, ಹರಿವು ಲ್ಯಾಮಿನಾರ್ (ಸುಳಿಯಿಲ್ಲದೆ ಪದರ ಪದರವಾಗಿ) ಆಗಿ ಇರುವ ಸಾದಾ ಬೇರಿಂಗಿಗೆ ಸಿಎಫ್‌ಡಿ ಬೇಡ ಅನ್ನುವುದು ಈಗ ನನ್ನ ಗಟ್ಟಿ ಅಭಿಪ್ರಾಯ. ಎಣ್ಣೆ ಬರುವ ಪಾಕೆಟ್ ಒಳಗಿನ ಹರಿವು ನೋಡಬೇಕಾದರೆ ಅದು ಬೇರೆ ಮಾತು.

ಜುಲೈ 5, ಸಂಜೆ: ಆನ್ಸಿಸ್‌ನಲ್ಲಿ ತಾಳೆ

ಬೆಂಗಳೂರಿನಲ್ಲಿ ಆನ್ಸಿಸ್ ಅನ್ನುವ ದೊಡ್ಡ ಎಂಜಿನಿಯರಿಂಗ್ ಸಾಫ್ಟ್‌ವೇರ್ ಬಳಸುವ ಗೆಳೆಯನೊಬ್ಬನಿಗೆ ಅಂಕಿಗಳನ್ನು ಕಳಿಸಿದ್ದೆ. ಅದರಲ್ಲಿ ಫ್ಲೂಯಿಡ್218 ಅಂತ ಬೇರಿಂಗಿಗೇ ಇರುವ ಎಲಿಮೆಂಟ್ (ಮಾಡೆಲ್ ಕಟ್ಟುವ ಸಿದ್ಧ ತುಣುಕು) ಇದೆ, ಅದೂ ರೆನಾಲ್ಡ್ಸ್ ಸಮೀಕರಣವನ್ನೇ ಬಿಡಿಸುತ್ತೆ. ಅವನ ಉತ್ತರ ನನ್ನದಕ್ಕೆ ಹತ್ತಿರತ್ತಿರ ಅದೇ ಬಂತು. ಖುಷಿಯಾಯಿತು, ಆದರೆ ಆ ಖುಷಿಗೆ ಅರ್ಥವಿರಲಿಲ್ಲ. ಅವನಿಗೂ ನಾನೇ ಕೊಟ್ಟಿದ್ದು ಅದೇ 0.14. ಎರಡು ಸಾಫ್ಟ್‌ವೇರ್ ಒಪ್ಪಿದವು ಅಂದರೆ ಗಣಿತ ಸರಿಯಿದೆ ಅಂತ ಅಷ್ಟೇ.

ಜುಲೈ 6: ಆಪರೇಟರ್ ಹೇಳಿದ ಮಾತು

ರಾತ್ರಿ ಪ್ಲಾಂಟಿನ ಹಿರಿಯ ಆಪರೇಟರಿಗೆ ಫೋನ್ ಮಾಡಿ, ಹಳೆಯ ಡ್ರಾಯಿಂಗ್ ಸಿಕ್ಕಿತಾ ಅಂತ ಕೇಳಿದೆ. ಮಾತಿನ ನಡುವೆ, "ನಮ್ಮ ಕ್ಲಿಯರೆನ್ಸ್ 0.14 ಇದೆಯಲ್ಲ, ಸುತ್ತಲೂ ಅಷ್ಟಿದ್ದರೆ ಎಣ್ಣೆ ಧಾರಾಳವಾಗಿ ಹೋಗಬೇಕು" ಅಂದೆ.

ಅವರು, "ಸುತ್ತಲೂ ಎಲ್ಲಿ ಸಾರ್? ಮೆಷಿನ್ ನಿಂತಾಗ ಶಾಫ್ಟ್ ಕೆಳಗೆ ಕೂತಿತ್ತಲ್ವಾ. ಇರೋ ಗ್ಯಾಪ್ ಎಲ್ಲಾ ಮೇಲೇ ಬರುತ್ತೆ" ಅಂದರು.

ಫೋನ್ ಹಿಡಿದುಕೊಂಡೇ ಸ್ವಲ್ಪ ಹೊತ್ತು ಸುಮ್ಮನಾದೆ. ಸೀಸದ ತಂತಿ ಅಳೆದಿದ್ದು ವ್ಯಾಸದ ಮೇಲಿನ ಕ್ಲಿಯರೆನ್ಸ್. ಮಾಡೆಲಿಗೆ ಬೇಕಾದ್ದು ತ್ರಿಜ್ಯದ ಮೇಲಿನದು, ಅಂದರೆ ಅದರ ಅರ್ಧ. 0.07. ನಾನು ನಿಜವಾದ ಬೇರಿಂಗಿಗಿಂತ ಎರಡು ಪಟ್ಟು ಸಡಿಲವಾದ ಬೇರಿಂಗನ್ನು ಆರು ದಿನ ಮಾಡೆಲ್ ಮಾಡುತ್ತಿದ್ದೆ.

ಮರುದಿನ ಬೆಳಗ್ಗೆ ಅವರು ಡ್ರಾಯಿಂಗಿನ ಫೋಟೋ ಕಳಿಸಿದರು. ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು: ವ್ಯಾಸದ ಮೇಲೆ 0.22 ರಿಂದ 0.26.

ಜುಲೈ 7: ಸರಿಯಾದ ಅಂಕಿಯಿಂದ ಮತ್ತೆ

ತ್ರಿಜ್ಯದ ಮೇಲೆ 0.07 ಹಾಕಿ ಓಡಿಸಿದೆ. ಸುಮಾರು 700 ವಾಟ್. ಎರಡು ತುದಿಯಿಂದ ಹೋಗುವ ಎಣ್ಣೆ ನಿಮಿಷಕ್ಕೆ ಬರೀ 1 ಲೀಟರ್. ಎಣ್ಣೆ 25 ಡಿಗ್ರಿ ಏರಿ 75ಕ್ಕೆ ಹೊರಬರುತ್ತೆ.

ಡ್ರಾಯಿಂಗಿನ ನಡು ಅಂಕಿ 0.24, ಅಂದರೆ ತ್ರಿಜ್ಯದ ಮೇಲೆ 0.12 ಹಾಕಿ ಓಡಿಸಿದೆ. 660 ವಾಟ್. ಎಣ್ಣೆ ನಿಮಿಷಕ್ಕೆ ಎರಡೂವರೆ ಲೀಟರ್. 9 ಡಿಗ್ರಿ ಏರಿ 59. ಹಳೆಯ ಲಾಗ್ ಪುಸ್ತಕದ 60!

ಈ ಎರಡು ಸಾಲನ್ನು ಅಕ್ಕಪಕ್ಕ ಇಟ್ಟು ನೋಡಿ. ಹುಟ್ಟುವ ಬಿಸಿಯಲ್ಲಿ ಹೆಚ್ಚು ವ್ಯತ್ಯಾಸವೇ ಇಲ್ಲ. ಬಿಗಿ ಇದ್ದಾಗ ಉಜ್ಜಾಟ ಜಾಸ್ತಿ ಆಗಬೇಕಿತ್ತು, ಆದರೆ ಎಣ್ಣೆ ಬಿಸಿಯಾಗಿ ತೆಳುವಾಗಿ ಆ ಹೆಚ್ಚಳವನ್ನು ಬಹುಪಾಲು ತಿಂದು ಹಾಕಿತು. ಬದಲಾಗಿದ್ದು ಎಣ್ಣೆಯ ಹರಿವು. ಅದೇ ಬಿಸಿಯನ್ನು ಎರಡೂವರೆ ಲೀಟರ್ ಹೊರುವ ಕಡೆ ಒಂದೇ ಲೀಟರ್ ಹೊರುತ್ತಿದೆ. ಫಿಲ್ಮಿನ ದಪ್ಪ ಕೂಡ ಭಯಪಡುವಷ್ಟು ಕಡಿಮೆಯಾಗಿರಲಿಲ್ಲ. ಅತಿ ತೆಳುವಾದ ಜಾಗ ಬಿಗಿ ಬೇರಿಂಗಿನಲ್ಲಿ 44 ಮೈಕ್ರಾನ್, ಸರಿಯಾದದ್ದರಲ್ಲಿ 52. ವೈಟ್ ಮೆಟಲ್ ಮೇಲೆ ಉಜ್ಜಿದ ಗುರುತು ಇರಲಿಲ್ಲ ಅನ್ನುವುದು ಇದಕ್ಕೆ ಹೊಂದಿತು. ಬೇರಿಂಗ್ ತೂಕ ಹೊರುವುದರಲ್ಲಿ ಸೋತಿರಲಿಲ್ಲ. ತನ್ನ ಬಿಸಿಯನ್ನು ಹೊರಗೆ ಕಳಿಸುವುದರಲ್ಲಿ ಸೋತಿತ್ತು.

ಒಂದು ವಿಷಯ ಪ್ರಾಮಾಣಿಕವಾಗಿ ಹೇಳಬೇಕು. ನನ್ನ ಮಾಡೆಲ್ ಕೊಡುವುದು ಹೊರಗೆ ಹೋಗುವ ಎಣ್ಣೆಯ ಬಿಸಿ. ಪ್ಯಾನೆಲ್ ಮೇಲಿನ 76 ವೈಟ್ ಮೆಟಲ್ ಹಿಂದೆ ಕೂತ ಸೆನ್ಸರಿನದು. ಎರಡೂ ಒಂದೇ ಅಲ್ಲ. 75 ಮತ್ತು 76 ಇಷ್ಟು ಹತ್ತಿರ ಬಂದಿದ್ದರಲ್ಲಿ ಅದೃಷ್ಟವೂ ಇದೆ. ನಾನು ನಂಬಿದ್ದು ಎರಡು ಲೆಕ್ಕದ ನಡುವಿನ 16 ಡಿಗ್ರಿ ಅಂತರವನ್ನು.

ಇನ್ನೂ ಒಂದು ಲೆಕ್ಕ ಮನಸ್ಸಿಗೆ ಬಂತು. ಶಾಫ್ಟ್ ಹೊರಗಿನ ಕವಚಕ್ಕಿಂತ 10 ಡಿಗ್ರಿ ಜಾಸ್ತಿ ಬಿಸಿಯಾದರೆ 160 ಮಿ.ಮೀ. ಉಕ್ಕು 0.018 ಹಿಗ್ಗುತ್ತೆ. 0.24ರಲ್ಲಿ ಅದು ಲೆಕ್ಕಕ್ಕಿಲ್ಲ. 0.14ರಲ್ಲಿ ಎಂಟನೇ ಒಂದು ಭಾಗ ಹೋಯಿತು. ಬಿಗಿಯಾದ ಬೇರಿಂಗ್ ಬಿಸಿಯಾದಷ್ಟೂ ಇನ್ನೂ ಬಿಗಿಯಾಗುತ್ತೆ.

0.14 ಬಂದದ್ದು ಹೇಗೆ ಅಂತ ವಿಚಾರಿಸಿದೆವು. ವೈಟ್ ಮೆಟಲ್ ಹಾಕಿದವರಿಗೆ ಡ್ರಾಯಿಂಗ್ ಹೋಗಿಯೇ ಇರಲಿಲ್ಲ. ವ್ಯಾಸದ ಸಾವಿರಕ್ಕೆ ಒಂದು ಪಾಲು ಅನ್ನುವ ವಾಡಿಕೆಯ ಲೆಕ್ಕದಲ್ಲಿ 0.16 ಹಿಡಿದು, ಸ್ಕ್ರೇಪಿಂಗಿಗೆ (ಕೈಯಿಂದ ಕೆರೆದು ಹೊಂದಿಸುವುದಕ್ಕೆ) 0.02 ಬಿಟ್ಟು ಬೋರ್ ಮಾಡಿದ್ದರು, ಅಂದರೆ ಒಳಗಿನ ತೂತು ಕೊರೆದಿದ್ದರು. ಸ್ಕ್ರೇಪಿಂಗ್ ಬರೀ ತಾಗುವ ಚುಕ್ಕೆಗಳಿಗೆ ನಡೆದಿತ್ತು, ಅಷ್ಟೇ. ಸಾವಿರಕ್ಕೆ ಒಂದು ಅನ್ನುವುದು ತಪ್ಪು ಲೆಕ್ಕವೇನಲ್ಲ, ಈ ಬೇರಿಂಗಿಗೆ ಅದು ಸಾಲದು.

ಜುಲೈ 9: ಶಿಮ್ ಪ್ರಯೋಗ, ಫಲಿಸಲಿಲ್ಲ

ಶಾಫ್ಟ್ ಎತ್ತದೆ ಬೇಗ ಆಗುವ ದಾರಿ ಇದೆಯಾ ಅಂತ ಪ್ಲಾಂಟಿನವರು ಕೇಳಿದರು. ಅದು ನ್ಯಾಯವೇ, ನೀರು ಸುಮ್ಮನೆ ಹರಿದು ಹೋಗುತ್ತಿರುತ್ತೆ. ಮೇಲಿನ ಮತ್ತು ಕೆಳಗಿನ ಅರ್ಧದ ನಡುವೆ ಜಾಯಿಂಟಿನಲ್ಲಿ 0.10 ಹಿತ್ತಾಳೆ ಶಿಮ್ (ತೆಳು ತಗಡು) ಹಾಕಿದರೆ ಸೀಸದ ತಂತಿ 0.24 ತೋರಿಸುತ್ತೆ. ಮಾಡೆಲಿನಲ್ಲಿ ಮೊದಲು ನೋಡಿದೆ. ಮೇಲಿನ ಅರ್ಧದ ಫಿಲ್ಮ್ ದಪ್ಪಕ್ಕೆ ಮಾತ್ರ ಆ 0.10ನ್ನು ಸೇರಿಸಬೇಕು. ಬಿಸಿ ಇಳಿದದ್ದು ಎರಡೇ ಡಿಗ್ರಿ. ಕಾರಣ ಸರಳ: ತೂಕ ಹೊರುವುದು ಕೆಳಗಿನ ಅರ್ಧ, ಅಲ್ಲಿನ ಗುಂಡಿಗೆ ಶಿಮ್ಮಿನಿಂದ ಏನೂ ಆಗಲ್ಲ.

ಆದರೂ ಒಂದು ಗಂಟೆಯ ಕೆಲಸ, ಮಾಡಿಯೇ ನೋಡೋಣ ಅಂದರು. ಮಾಡಿದೆವು. 76 ಇದ್ದದ್ದು 73ಕ್ಕೆ ಬಂದು ನಿಂತಿತು. ಜೊತೆಗೆ ಜಾಯಿಂಟಿನಿಂದ ಎಣ್ಣೆ ಜಿನುಗಲು ಶುರು. ಆದರೆ ಅಲಾರಂ ನಿಂತಿತು, ಸರಿಯಾದ ರಿಪೇರಿಗೆ ತಯಾರಾಗಲು ಒಂದು ವಾರ ಸಿಕ್ಕಿತು. ಶಿಮ್ಮಿಗೆ 450 ರೂಪಾಯಿ.

ಇದೇ ಹೊತ್ತಿನಲ್ಲಿ ಎಣ್ಣೆಯನ್ನು ವಿಜಿ 46ಕ್ಕೆ ಬದಲಿಸುವ ಮಾತೂ ಬಂತು. ಲೆಕ್ಕದಲ್ಲಿ 75 ಇದ್ದದ್ದು 69ಕ್ಕೆ ಇಳಿಯುತ್ತೆ, ಫಿಲ್ಮ್ 44ರಿಂದ 41 ಮೈಕ್ರಾನ್. ಓಡುವಾಗ ತೊಂದರೆಯಿಲ್ಲ. ಆದರೆ ಈ ಮೆಷಿನ್ ವಿದ್ಯುತ್ ಗ್ರಿಡ್ ಹೋದಾಗಲೆಲ್ಲ ನಿಲ್ಲುತ್ತೆ, ನಿಲ್ಲುವಾಗ ನಿಧಾನ ವೇಗದಲ್ಲಿ ಫಿಲ್ಮ್ ಹೇಗೂ ಕೈಕೊಡುತ್ತೆ. ತಯಾರಕರು 68 ಹೇಳಿದ್ದಾರೆ. ಅಳತೆಯ ತಪ್ಪನ್ನು ಎಣ್ಣೆಯಲ್ಲಿ ಸರಿಮಾಡುವುದು ಬೇಡ ಅಂತ ನಾನೇ ತಡೆದೆ.

ಜುಲೈ 16 ರಿಂದ 18: ಬಿಚ್ಚಿ, ಬೋರ್ ಮಾಡಿ, ಸ್ಕ್ರೇಪ್ ಮಾಡಿ

ಮೂರು ದಿನ ಪೂರ್ತಿ ಸ್ಥಗಿತ. ಶಾಫ್ಟನ್ನು ಎರಡು ಹೈಡ್ರಾಲಿಕ್ ಜಾಕಿನಲ್ಲಿ 0.3 ಮಿ.ಮೀ. ಎತ್ತಿ, ಕೆಳಗಿನ ಅರ್ಧವನ್ನು ತಿರುಗಿಸಿ ಹೊರತೆಗೆದೆವು. ಎಷ್ಟು ಎತ್ತಿದ್ದೇವೆ ನೋಡಲು ಡಯಲ್ ಗೇಜ್ ಇಟ್ಟಿದ್ದೆವು. ಜಾಸ್ತಿ ಎತ್ತಿದರೆ ರನ್ನರ್ (ಟರ್ಬೈನ್ ಚಕ್ರ) ಕಡೆಯ ಸೀಲ್ ತಾಗುತ್ತೆ.

ಎರಡೂ ಅರ್ಧ ಕೂಡಿಸಿ ಬೋರ್ ಗೇಜ್ ಹಾಕಿದರೆ 160.11. ಶಾಫ್ಟ್ 159.97. ವ್ಯತ್ಯಾಸ 0.14, ವ್ಯಾಸದ ಮೇಲೆ. ಈ ಸಲ ನೋಟ್‌ಬುಕ್ಕಿನಲ್ಲಿ "ವ್ಯಾಸದ ಮೇಲೆ" ಅಂತ ಬರೆದು ಕೆಳಗೆ ಗೆರೆ ಎಳೆದೆ.

ಹಾಸನದ ಒಂದು ವರ್ಕ್‌ಶಾಪಿನಲ್ಲಿ ಹಾರಿಜಾಂಟಲ್ ಬೋರಿಂಗ್ ಮೆಷಿನ್ ಮೇಲೆ 160.18ಕ್ಕೆ ಬೋರ್ ಮಾಡಿಸಿದೆವು. ಸೆಟ್ಟಿಂಗಿಗೇ ಅರ್ಧ ದಿನ ಹೋಯಿತು. 6,500 ರೂಪಾಯಿ. ಉಳಿದ 0.02 ಸ್ಕ್ರೇಪಿಂಗಿಗೆ.

ಸ್ಕ್ರೇಪಿಂಗ್ ಮಾಡಿದ್ದು ಇಬ್ಬರು, ಹಿರಿಯ ಮೇಸ್ತ್ರಿ ಮತ್ತು ಅವರ ಮಗ. ಶಾಫ್ಟಿಗೆ ತೆಳುವಾಗಿ ಬ್ಲೂ (ಗುರುತು ಮೂಡಿಸುವ ನೀಲಿ ಬಣ್ಣ) ಹಚ್ಚಿ, ಕೆಳಗಿನ ಅರ್ಧವನ್ನು ಕೂರಿಸಿ ಆಡಿಸಿ ತೆಗೆದು, ನೀಲಿ ತಾಗಿದ ಚುಕ್ಕೆಗಳನ್ನು ಮಾತ್ರ ಕೆರೆಯುತ್ತಾರೆ. ಮತ್ತೆ ಬ್ಲೂ, ಮತ್ತೆ ಕೆರೆತ. ಹದಿನಾಲ್ಕು ಸಲ ಆಯಿತು. ಕೊನೆಗೆ ಕೆಳಗಿನ 60 ಡಿಗ್ರಿ ಅಗಲದಲ್ಲಿ ಚುಕ್ಕೆಗಳು ಸಮನಾಗಿ ಹರಡಿದವು. ಮೇಸ್ತ್ರಿಯ ಕೈ ಒಂದು ಸಲಕ್ಕೆ ತೆಗೆಯುವುದು ಕೆಲವೇ ಮೈಕ್ರಾನ್. ನನ್ನ ಪರದೆಯ ಮೇಲೆ ಬಣ್ಣದ ಪಟ್ಟಿಯಾಗಿ ಕಂಡ 52 ಮೈಕ್ರಾನ್ ಎಷ್ಟು ದೊಡ್ಡದು ಅಂತ ಅವರ ಪಕ್ಕ ಕೂತಾಗ ಅರ್ಥವಾಯಿತು. ಇಬ್ಬರಿಗೂ ಸೇರಿ ಎರಡು ದಿನಕ್ಕೆ 9,000.

ಜಾಯಿಂಟಿನ ಎರಡೂ ಕಡೆ ಎಣ್ಣೆ ಒಳಗೆ ಬರುವ ಪಾಕೆಟ್ ಕೂಡ ಹೊಸ ವೈಟ್ ಮೆಟಲಿನಲ್ಲಿ ಕಿರಿದಾಗಿತ್ತು. ಡ್ರಾಯಿಂಗಿನ ಅಳತೆಗೆ ಅಗಲ ಮಾಡಿಸಿದೆವು. ಪಾಕೆಟ್ ತುದಿಯ ಏಣು ಚೂಪಾಗಿ ಉಳಿಯಬಾರದು, ಉಳಿದರೆ ಎಣ್ಣೆಯನ್ನು ಒಳಗೆ ಬಿಡದೆ ಒರೆಸಿ ಹಾಕುತ್ತೆ. ಅದನ್ನು ಮೇಸ್ತ್ರಿ ನಾನು ಹೇಳುವ ಮೊದಲೇ ಉರುಟು ಮಾಡಿದ್ದರು.

ಜೋಡಿಸಿ ಸೀಸದ ತಂತಿ ಇಟ್ಟರೆ 0.23. ತಂತಿಗೆ 60 ರೂಪಾಯಿ. ಸಾಫ್ಟ್‌ವೇರಿಗೆ ಏನೂ ಖರ್ಚಿಲ್ಲ.

ಜುಲೈ 19: ಓಟ

ಬೆಳಗ್ಗೆ 8ಕ್ಕೆ ಶುರು. ಮೊದಲ ಗಂಟೆ 48. ಎರಡನೇ ಗಂಟೆ 56. ನಾಲ್ಕನೇ ಗಂಟೆ 62. ಆರನೇ ಗಂಟೆಗೆ 63ರಲ್ಲಿ ನಿಂತಿತು, ರಾತ್ರಿಯೆಲ್ಲ ಅಲ್ಲೇ ಇತ್ತು. ಸಂಪ್ 50.

0.23 ಹಾಕಿದ ಮಾಡೆಲ್ 60ರ ಹತ್ತಿರ ಹೇಳಿತ್ತು. 3 ಡಿಗ್ರಿ ವ್ಯತ್ಯಾಸಕ್ಕೆ ಒಂದು ಕಾರಣ ನನಗೆ ಗೊತ್ತಿರುವುದೇ. ಬಿಸಿಯಾದ ಎಣ್ಣೆ ಪೂರ್ತಿ ಹೊರಗೆ ಹೋಗಲ್ಲ. ಒಂದು ಪಾಲು ಶಾಫ್ಟಿಗೆ ಅಂಟಿಕೊಂಡು ಸುತ್ತು ಹೊಡೆದು ಮತ್ತೆ ಒಳಗೆ ಬರುತ್ತೆ. ನನ್ನ ಕೋಡ್ ಪ್ರತಿ ಸುತ್ತಿಗೂ 50 ಡಿಗ್ರಿಯ ತಾಜಾ ಎಣ್ಣೆ ಬರುತ್ತೆ ಅಂದುಕೊಂಡಿದೆ. ಆಯಿಲ್ ರಿಂಗ್ ಬೇಕಾದಷ್ಟು ಎಣ್ಣೆ ತರುತ್ತೆ ಅಂತಲೂ ಅಂದುಕೊಂಡಿದೆ.

ಜುಲೈ 22: ಬಿಗಿತದ ಅಂಕಿಗಳು

ಕ್ಲಿಯರೆನ್ಸ್ ಹೆಚ್ಚಿಸಿದ್ದರಿಂದ ಶಾಫ್ಟ್ ಅಲ್ಲಾಡುವುದು ಜಾಸ್ತಿ ಆಗುತ್ತಾ ಅಂತ ಪ್ಲಾಂಟಿನವರು ಕೇಳಿದರು. ಅದಕ್ಕೆ ಫಿಲ್ಮಿನ ಸ್ಟಿಫ್‌ನೆಸ್ (ಸರಿಸಿದಾಗ ಅದು ಎಷ್ಟು ಬಲದಿಂದ ತಡೆಯುತ್ತೆ) ಬೇಕು. ಶಾಫ್ಟನ್ನು ಅದರ ಜಾಗದಿಂದ ಸ್ವಲ್ಪ ಸರಿಸಿ, ಬಲ ಎಷ್ಟು ಬದಲಾಯಿತು ನೋಡಿದರೆ ಸಿಗುತ್ತೆ. ಮೊದಲು ಕ್ಲಿಯರೆನ್ಸಿನ ಶೇಕಡಾ 10ರಷ್ಟು ಸರಿಸಿದೆ. ಮೇಲಕ್ಕೆ ಸರಿಸಿದಾಗ ಒಂದು ಅಂಕಿ, ಕೆಳಕ್ಕೆ ಸರಿಸಿದಾಗ ಬೇರೆಯೇ ಅಂಕಿ. ಫಿಲ್ಮ್ ಸ್ಪ್ರಿಂಗಿನ ಹಾಗೆ ನೇರ ಗೆರೆಯಲ್ಲಿ ನಡೆಯಲ್ಲ. ಶೇಕಡಾ 1ಕ್ಕೆ ಇಳಿಸಿ, ಎರಡೂ ಕಡೆ ಸರಿಸಿ ಸರಾಸರಿ ತೆಗೆದ ಮೇಲೆ ಅಂಕಿಗಳು ನಿಂತವು. ಆನ್ಸಿಸ್‌ನಲ್ಲಿ ಪೂರ್ತಿ ರೋಟರ್ ಮಾಡುವವರು ಇವನ್ನು ಕಾಂಬಿ214 ಎಲಿಮೆಂಟಿಗೆ ಕೊಡಬಹುದು. ಆಗ ನಾಲ್ಕು ಅಂಕಿಯನ್ನೂ ಬೇರೆ ಬೇರೆಯಾಗಿ ಕೊಡಬೇಕು: ಸರಿಸಿದ ದಿಕ್ಕಿನಲ್ಲೇ ಬರುವ ಬಲಕ್ಕೆ ಎರಡು, ಅದಕ್ಕೆ ಅಡ್ಡ ದಿಕ್ಕಿನಲ್ಲಿ ಬರುವ ಬಲಕ್ಕೆ ಎರಡು. ಅಡ್ಡ ಅಂಕಿಗಳೆರಡೂ ಸಮ ಅಂತ ಒಂದನ್ನೇ ಎರಡು ಕಡೆ ತುಂಬಿದರೆ ಆಯಿಲ್ ವರ್ಲ್ ಅನ್ನುವ ನಡುಕ ಲೆಕ್ಕದಲ್ಲಿ ಕಾಣಿಸುವುದೇ ಇಲ್ಲ. ಆ ನಡುಕ ಸುತ್ತಿನ ವೇಗದ ಅರ್ಧಕ್ಕಿಂತ ಸ್ವಲ್ಪ ಕೆಳಗೆ ಬರುತ್ತೆ. ವೈಬ್ರೇಶನ್ ಮೀಟರಿನಲ್ಲಿ ನೋಡಿದೆ, 5 ಹರ್ಟ್ಜ್ ಕೆಳಗೆ ಏನೂ ಇರಲಿಲ್ಲ, 10ರಲ್ಲಿ ಮಾತ್ರ ಎಂದಿನ ಸಣ್ಣ ಕಂಬ.

ಈಗಿನ ಸ್ಥಿತಿ

ಆಗಸ್ಟ್ 4ರ ರೀಡಿಂಗ್ 62. ಎಣ್ಣೆ ಹೊರಬರುವ ಜಾಗದಲ್ಲಿ ಇನ್ನೊಂದು ಸೆನ್ಸರ್ ಕೂರಿಸಲು ಅಡಾಪ್ಟರ್ ಮಾಡಿಸಲು ಕೊಟ್ಟಿದ್ದೇನೆ. ಅದು ಬಂದರೆ ಮಾಡೆಲಿನ ಅಂಕಿಯನ್ನು ಸರಿಯಾದ ಜಾಗದ ರೀಡಿಂಗ್ ಜೊತೆಯೇ ತಾಳೆ ನೋಡಬಹುದು. ಕೋಡಿನಲ್ಲಿ ಕ್ಲಿಯರೆನ್ಸ್ ಕೇಳುವ ಜಾಗದಲ್ಲಿ ಈಗ ಬೋರ್ ವ್ಯಾಸ ಮತ್ತು ಶಾಫ್ಟ್ ವ್ಯಾಸ ಎರಡನ್ನೂ ಕೇಳುತ್ತೆ, ಅರ್ಧ ಮಾಡುವ ಕೆಲಸ ಅದೇ ಮಾಡಿಕೊಳ್ಳುತ್ತೆ. ಜನರೇಟರ್ ಕಡೆಯ ಬೇರಿಂಗಿಗೂ ಅದೇ ಬೇಸಿಗೆಯಲ್ಲಿ ಅದೇ ಕಡೆ ವೈಟ್ ಮೆಟಲ್ ಹಾಕಿಸಿದ್ದಾರಂತೆ. ಅದು 66 ತೋರಿಸುತ್ತಿದೆ. ನೀರು ಇಳಿದ ಮೇಲೆ, ಜನವರಿಯಲ್ಲಿ, ಅದಕ್ಕೂ ಸೀಸದ ತಂತಿ ಇಡಬೇಕು.